ಮುಟ್ಟಿದ್ದು ಅಷ್ಟೇ

ಯಾರ ಹಿಂದಿನಿಂದಲಾದರೂ ಹಾದುಹೋಗಬೇಕಾದಾಗ ಆ ಹಿರಿಯರು ಎರಡು ಬೆರಳನ್ನು ಅವರ ಭುಜಕ್ಕೆ ತಾಗಿಸುತ್ತಿದ್ದರು. ತೋರುಬೆರಳು, ನಡುಬೆರಳು. ಒತ್ತುತ್ತಿರಲಿಲ್ಲ. ಅಂಗಿಯ ಮೇಲೆ ನೊಣ ಕೂತು ಎದ್ದಷ್ಟೇ. ನಾನಿಲ್ಲಿದ್ದೇನೆ, ತಟಕ್ಕನೆ ತಿರುಗಬೇಡಿ ಅಂತ ಅದರ ಅರ್ಥ.

ಚೆನ್ನೈನ ಕೋಡಂಬಾಕ್ಕಂನಲ್ಲಿ ಒಂದು ಹಾಸಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿ ಆ ಸ್ನೂಕರ್ ಹಾಲ್. ಎರಡು ಟೇಬಲ್. ಹೊರಗಿನದರ ಬಟ್ಟೆಗೆ ತೇಪೆ ಹಾಕಿದ್ದರಿಂದ ಎಲ್ಲರಿಗೂ ಬೇಕಾದದ್ದು ಒಳಗಿನದು. ಆದರೆ ಅದರ ಒಂದು ಬದಿಗೂ ಗೋಡೆಗೂ ನಡುವೆ ಒಬ್ಬ ಮನುಷ್ಯ ಸ್ಟಿಕ್ ಹಿಡಿದು ಬಗ್ಗುವಷ್ಟೇ ಜಾಗ. ಬಾಗಿಲಲ್ಲಿ ಲುಂಗಿ ಉಟ್ಟವರಿಗೆ ಪ್ರವೇಶವಿಲ್ಲ ಎಂಬ ಬೋರ್ಡು. ಕಿಟಕಿಗಳಿಗೆ ಹಗಲಲ್ಲೂ ದಪ್ಪ ಪರದೆ. ಟೇಬಲ್ಲಿನ ಮೇಲೆ ನೇತುಬಿಟ್ಟ ದೀಪ ಬಿಟ್ಟರೆ ಬೇರೆ ಬೆಳಕಿಲ್ಲ.

ನಾನು ಅಲ್ಲಿಗೆ ಹೋಗುತ್ತಿದ್ದುದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ. ಮೈಲಾಪುರದಲ್ಲಿ ಮನೆ. ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಅಪಘಾತದ ಕ್ಲೇಮುಗಳನ್ನು ನೋಡುವ ಕೆಲಸ. ಇಡೀ ವಾರ ಸಾಕ್ಷಿಗಳ ಹೇಳಿಕೆ ಓದುತ್ತೇನೆ. ಕಂಡದ್ದನ್ನು ಮಾತ್ರ ಹೇಳಿ, ಅಂದುಕೊಂಡದ್ದನ್ನು ಹೇಳಬೇಡಿ ಅಂತ ಎಷ್ಟೋ ಜನಕ್ಕೆ ತಮಿಳಿನಲ್ಲೇ ಹೇಳಿದ್ದೇನೆ. ಹಾಸನದಿಂದ ಇಲ್ಲಿಗೆ ಬಂದು ಒಂಬತ್ತು ವರ್ಷ. 'ನೀವು ಕನ್ನಡದವರು ಅಂತ ಗೊತ್ತೇ ಆಗಲ್ಲ ಸಾರ್' ಅಂತ ಆಫೀಸಿನಲ್ಲಿ ಹೇಳುತ್ತಿದ್ದರು. ಆ ಮಾತು ನನಗೆ ಹಿತವಾಗಿತ್ತು.

ಹಿರಿಯರು ಸಿನಿಮಾ ಸ್ಟುಡಿಯೋಗಳಲ್ಲಿ ಲೈಟ್‌ಮನ್ ಆಗಿದ್ದವರು. ಎಪ್ಪತ್ತು ದಾಟಿತ್ತು, ಬೆನ್ನು ಬಾಗಿರಲಿಲ್ಲ. ಕನ್ನಡ ಚಿತ್ರಗಳೂ ಇಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ ಕಲಿತ ಕನ್ನಡ ಅವರ ಬಾಯಲ್ಲಿ ಹಾಗೇ ಉಳಿದಿತ್ತು. ನಾನು ಯಾವ ಊರಿನವನೆಂದು ತಿಳಿದ ದಿನದಿಂದ ನನ್ನನ್ನು 'ಸ್ವಾಮಿ' ಅನ್ನುತ್ತಿದ್ದರು.

"ಈ ಭುಜ ಮುಟ್ಟೋದು ಯಾಕೆ?" ಅಂತ ಒಮ್ಮೆ ಕೇಳಿದ್ದೆ.

"ಸೆಟ್ಟಿನ ಮೇಲೆ ಹಲಗೆ ಕಟ್ಟಿರ್ತಾರೆ, ಸ್ವಾಮಿ. ಇಷ್ಟೇ ಅಗಲ. ಕತ್ತಲು. ಎದುರಿಗಿರೋನ ಕೈಯಲ್ಲಿ ಉರಿಯೋ ಲೈಟು. ಹಿಂದಿನಿಂದ ಕೂಗಿದ್ರೆ ಬೆಚ್ಚಿಬಿದ್ದು ಕೆಳಗೆ ಹೋಗ್ತಾನೆ. ಮೆಲ್ಲಗೆ ಮುಟ್ಟಿದ್ರೆ ಅಲ್ಲೇ ನಿಲ್ತಾನೆ. ಕೆಲಸ ಬಿಟ್ಟರೂ ಬೆರಳು ಬಿಡಲಿಲ್ಲ. ಲುಂಗಿ ಒಂದು ಬಿಟ್ಟೆ, ಈ ಬೋರ್ಡಿಗೆ ಹೆದರಿ."

ಆಟದಲ್ಲಿ ಅವರದು ಇನ್ನೊಂದು ಅಭ್ಯಾಸ. ಅಂಗಿಯ ತೋಳು ಚೆಂಡಿಗೆ ಸೋಕಿದರೆ, ಯಾರೂ ನೋಡದಿದ್ದರೂ, ಎಡಗೈ ಎತ್ತಿ 'ಫೌಲ್' ಅಂದು ತಾವೇ ಹಿಂದಕ್ಕೆ ಸರಿಯುತ್ತಿದ್ದರು. ಗೆಲ್ಲುವ ಹಂತದಲ್ಲೂ ಹಾಗೆ ಸರಿದದ್ದನ್ನು ಎರಡು ಸಲ ಕಂಡಿದ್ದೇನೆ. ಅವರು ಆಡುತ್ತಿದ್ದರೆ ಅಂಕ ಬರೆಯುವ ಮಾರ್ಕರ್‌ಗೆ ಕೆಲಸವೇ ಇರಲಿಲ್ಲ. ಐವತ್ತರ ಮನುಷ್ಯ ಆ ಮಾರ್ಕರ್. ಹಾಲ್ ನೋಡಿಕೊಳ್ಳುವವನೂ ಅವನೇ. "ಇವರು ಆಡುವಾಗ ನಾನು ಪೇಪರ್ ಓದಬಹುದು" ಅನ್ನುತ್ತಿದ್ದ.

ಆ ಭಾನುವಾರ ಅವರ ಎದುರು ಆಡುತ್ತಿದ್ದವನು ಜಿಮ್ಮೊಂದರಲ್ಲಿ ತರಬೇತಿ ಕೊಡುವ ಯುವಕ. ಸ್ವಂತ ಸ್ಟಿಕ್ಕನ್ನು ಚರ್ಮದ ಚೀಲದಲ್ಲಿ ತರುತ್ತಿದ್ದ. ಒಳ್ಳೆಯ ಆಟಗಾರನೇ. ಆದರೆ ಎಂಟು ತಿಂಗಳಿಂದ ಹಿರಿಯರನ್ನು ಒಮ್ಮೆಯೂ ಸೋಲಿಸಲು ಆಗಿರಲಿಲ್ಲ, ಆ ಎಂಟು ತಿಂಗಳನ್ನು ಹಾಲ್‌ನವರು ಅವನಿಗೆ ಮರೆಯಲೂ ಬಿಟ್ಟಿರಲಿಲ್ಲ. ಅವನು ಹಿರಿಯರನ್ನು 'ಪೆರುಸು' ಅನ್ನುತ್ತಿದ್ದ. ಮುದುಕಪ್ಪ ಅನ್ನುವ ಹಾಗೆ, ಅರ್ಧ ಸಲಿಗೆ, ಅರ್ಧ ಚುಚ್ಚು.

"ಪೆರುಸು, ಇವತ್ತು ಮನೆಗೆ ಅಳುತ್ತಾ ಹೋಗ್ತೀರಿ."

"ಹೋಗ್ತೀನಿ ತಂಬಿ. ಕಣ್ಣಿಗೆ ಡ್ರಾಪ್ಸ್ ಹಾಕೋ ಹೊತ್ತು ಆಯ್ತು, ಅದಕ್ಕೆ."

ಕೊನೆಗೆ ಟೇಬಲ್ಲಿನ ಮೇಲೆ ಕಪ್ಪು ಚೆಂಡೊಂದೇ ಉಳಿಯಿತು. ಅದನ್ನು ಹಾಕಿದವರಿಗೆ ಗೆಲುವು. ಸರದಿ ಯುವಕನದು, ಚೆಂಡು ಮೂಲೆಯ ಕುಳಿಗೆ ನೇರವಾಗಿಯೇ ಇತ್ತು. ಆದರೆ ಅವನು ನಿಲ್ಲಬೇಕಾದ್ದು ಗೋಡೆಯ ಕಡೆಯ ಇಕ್ಕಟ್ಟಿನಲ್ಲಿ. ಹಿರಿಯರು ಅದೇ ಇಕ್ಕಟ್ಟಿನಿಂದ ಈಚೆಗೆ, ನಾನು ಕೂತಿದ್ದ ಸ್ಟೂಲಿನ ಕಡೆಗೆ ಬರುತ್ತಿದ್ದರು. ಅವನು ಇನ್ನೂ ಬಗ್ಗಿರಲಿಲ್ಲ, ಸ್ಟಿಕ್ಕಿನ ತುದಿಗೆ ಚಾಕ್ ಉಜ್ಜುತ್ತಿದ್ದ. ಅವರು ಎರಡು ಬೆರಳು ಅವನ ಭುಜಕ್ಕೆ ತಾಗಿಸಿ ದಾಟಿ ಬಂದರು. ಅದಾದ ಮೇಲೆ ಅವನು ಬಗ್ಗಿದ, ಉಸಿರು ಹಿಡಿದ, ಹೊಡೆದ. ಕಪ್ಪು ಚೆಂಡು ಕುಳಿಯ ತುಟಿಗೆ ಬಡಿದು ವಾಪಸು ಬಂತು.

ಮಾರ್ಕರ್ ಆಗ ಗೋಡೆಯ ಕಡೆ ಮುಖ ಮಾಡಿ ಹಿಂದಿನ ಅಂಕ ಸರಿಪಡಿಸುತ್ತಿದ್ದ. ಹಾಲ್‌ನಲ್ಲಿ ಆಗ ಬೇರೆ ಯಾರೂ ಇರಲಿಲ್ಲ, ನೋಡಿದವನು ನಾನೊಬ್ಬನೇ.

ಯುವಕ ತಿರುಗಿದ. "ತಳ್ಳಿಟ್ಟಾರು," ಅಂದ. ತಳ್ಳಿಬಿಟ್ಟರು ಅಂತ. ದನಿ ಜೋರಾಗಿರಲಿಲ್ಲ. "ಹೊಡೆಯುವಾಗ ಹಿಂದಿನಿಂದ ತಳ್ಳಿದಿರಿ, ಪೆರುಸು."

"ಇಲ್ಲ ತಂಬಿ. ನೀನು ಬಗ್ಗೋಕೆ ಮುಂಚೆ, ದಿನಾ ಮಾಡೋ ಹಾಗೇ ಮಾಡಿದ್ದು."

"ತಳ್ಳಿದಿರಿ."

ಹಿರಿಯರು ನಕ್ಕರು. ಅಣಕದ ನಗು ಅಲ್ಲ ಅದು, ಏನು ಹೇಳಬೇಕೋ ತಿಳಿಯದವರ ನಗು. ಅವನಿಗೆ ಬೇರೆ ಥರ ಕಂಡಿರಬೇಕು. ಸ್ಟಿಕ್ಕನ್ನು ತಿರುಗಿಸಿ ಸಣ್ಣ ತುದಿಯನ್ನು ಹಿಡಿದುಕೊಂಡ. ದಪ್ಪ ತುದಿ ಮೇಲಾಯಿತು. ಅದನ್ನು ಕಂಡು ಮಾರ್ಕರ್ ಅಂಕದ ಬೋರ್ಡಿನ ಬಳಿಯಿಂದಲೇ ತಡೆಯುವಂತೆ ಕೈ ಎತ್ತಿದ.

"ಇರು ತಂಬಿ. ಸಾರ್ ಅಲ್ಲೇ ಕೂತಿದ್ರಲ್ಲ. ಅವರು ಸುಳ್ಳು ಹೇಳೋರಲ್ಲ. ನೀಂಗ ಪಾತ್ತೀಂಗಳಾ ಸಾರ್?"

ನೀವು ನೋಡಿದಿರಾ ಅಂತ. ಮೂವರೂ ನನ್ನ ಕಡೆ ತಿರುಗಿದರು. ಆ ದಪ್ಪ ತುದಿ ನನ್ನಿಂದ ಎರಡು ಮೊಳ ದೂರದಲ್ಲಿತ್ತು. ಹೇಳಬೇಕೆಂದಿದ್ದುದು ಇಷ್ಟೇ: ಮೆಲ್ಲಗೆ ಮುಟ್ಟಿದರು, ಅಷ್ಟೇ. ಹೆದರಿಕೆಯಲ್ಲಿ ನಾಲಿಗೆಗೆ ಬಂದದ್ದು ಮನೆಯ ಮಾತು. ಅದಕ್ಕೆ ತಮಿಳಿನ ಬಾಲ ಅಂಟಿಸಿ ಹೇಳಿದೆ.

"ಮುಟ್ಟಿನಾರು. ಅವ್ವಳವುದಾನ್."

ಹಿರಿಯರು ತಟ್ಟನೆ ನನ್ನ ಕಡೆ ತಿರುಗಿದರು. "ಸ್ವಾಮಿ..." ಅಂದರು. ಕೋಪವಿರಲಿಲ್ಲ ಆ ಮುಖದಲ್ಲಿ. ತಪ್ಪು ಬರೆದ ಮಗುವನ್ನು ತಿದ್ದಲು ಹೊರಟವರ ಮುಖ. ನನ್ನ ಕಡೆ ತಿರುಗಿದ್ದರಿಂದ ಅವರಿಗೆ ಎಡಗಡೆಯಿಂದ ಬಂದದ್ದು ಕಾಣಲಿಲ್ಲ.

ಸ್ಟಿಕ್ಕಿನ ದಪ್ಪ ತುದಿ ಅವರ ಎಡಕಿವಿಯ ಮೇಲೆ ಬಿತ್ತು. ಆ ಸದ್ದನ್ನು ನಾನು ಬರೆಯಲಾರೆ. ತೆಂಗಿನಕಾಯಿ ಒಡೆಯುವುದನ್ನು ಇವತ್ತಿಗೂ ನಿಂತು ನೋಡಲಾರೆ, ಅಷ್ಟು ಹೇಳಬಲ್ಲೆ. ಅವರು ಕುಸಿದು ನನ್ನ ಮೊಣಕಾಲಿಗೆ ಒರಗಿದರು. ಯುವಕನ ಕೈ ಇನ್ನೊಮ್ಮೆ ಮೇಲೆದ್ದಿತು. ಈಗ ಅದರ ಕೆಳಗೆ ನಾವಿಬ್ಬರೂ ಇದ್ದೆವು. ನಾನು ಕೈ ಅಡ್ಡ ಹಿಡಿಯಲಿಲ್ಲ. ಅವರ ಮೇಲೆ ಬಗ್ಗಲಿಲ್ಲ. ಸ್ಟೂಲಿನ ಅಂಚು ಹಿಡಿದು ಕೂತಿದ್ದೆ.

ಮಾರ್ಕರ್ ಹಾರಿ ಹಿಡಿಯುವಷ್ಟು ಹತ್ತಿರದಲ್ಲಿರಲಿಲ್ಲ. ಅವನು ಮಾಡಿದ್ದು ಬೇರೆ. ಗೋಡೆಯ ಮೇಲಿದ್ದ ಟೇಬಲ್ ದೀಪದ ಸ್ವಿಚ್ಚನ್ನು ಒತ್ತಿ ಆರಿಸಿದ.

ಹಾಲ್ ಪೂರ್ತಿ ಕತ್ತಲಾಯಿತು. ಕೆಳಗೆ ಬಸ್ಸುಗಳ ಹಾರ್ನ್ ಕೇಳಿಸುತ್ತಿತ್ತು. ಯಾರೋ ಜೋರಾಗಿ ಉಸಿರಾಡುತ್ತಿದ್ದರು. ಸ್ಟಿಕ್ ಈಗ ಬೀಳುತ್ತದೆ, ಈಗ ಬೀಳುತ್ತದೆ ಅಂತ ನಾನು ಕಣ್ಣು ಮುಚ್ಚಿಕೊಂಡಿದ್ದೆ, ಕತ್ತಲಲ್ಲೂ. ಆಗ ನನ್ನ ಮೊಣಕಾಲಿಗೆ ಎರಡು ಬೆರಳು ತಾಗಿದವು. ಮೆಲ್ಲಗೆ. ಆಮೇಲೆ, ಸ್ಟಿಕ್ಕನ್ನು ಟೇಬಲ್ಲಿನ ಬಟ್ಟೆಯ ಮೇಲೆ ಇಟ್ಟ ಸದ್ದು.

ದೀಪ ಹತ್ತಿದಾಗ ಯುವಕ ತನ್ನ ಕೈಗಳನ್ನೇ ನೋಡುತ್ತಾ ನಿಂತಿದ್ದ. ಮುಂದೆ ಏನು ಮಾಡಬೇಕೆಂದು ಮೊದಲು ಹೊಳೆದದ್ದೂ ಅವನಿಗೇ. ತನ್ನ ಟವೆಲ್ಲನ್ನು ಅವರ ಕಿವಿಗೆ ಒತ್ತಿ, ಅವರನ್ನು ಎತ್ತಿಕೊಂಡು, ಆ ಕಡಿದಾದ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದ. ಆಟೋದಲ್ಲಿ ಅವರನ್ನು ನನ್ನ ಪಕ್ಕ ಕೂರಿಸಿ, ತಾನು ಬೈಕಿನಲ್ಲಿ ಹಿಂದೆ ಬಂದ.

ಆಟೋದಲ್ಲಿ ಅವರು ಕಣ್ಣು ಮುಚ್ಚಿಕೊಂಡೇ ಮಾತಾಡಿದರು.

"ಸ್ವಾಮಿ, ನೀವು ಕನ್ನಡದಲ್ಲಿ ಹೇಳಿದ್ರಿ. ನನಗೆ ಗೊತ್ತಾಯ್ತು. ತಮಿಳಿನಲ್ಲಿ ಮುಟ್ಟೋದು ಅಂದ್ರೆ ಹಸು ಕೊಂಬು ತಗ್ಗಿಸಿ ಗುಮ್ಮುತ್ತಲ್ಲ, ಅದು. ನೀವು ಹೇಳೋದನ್ನ ಇಲ್ಲಿ ತೊಡೋದು ಅಂತಾರೆ."

ತೊಡುವುದು ಗೊತ್ತಿಲ್ಲದ ಮಾತೇನಲ್ಲ. ಒಂಬತ್ತು ವರ್ಷದಲ್ಲಿ ಸಾವಿರ ಸಲ ಕೇಳಿದ್ದೇನೆ. ಬೇಕಾದ ಗಳಿಗೆಯಲ್ಲಿ ಬರಲಿಲ್ಲ, ಅಷ್ಟೇ.

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತೆಂದು ಕೇಳಿದಾಗ ಹಿರಿಯರು "ಸ್ಟಿಕ್ ತಗುಲಿತು" ಅಂದರು. ಅಷ್ಟು ನೋವಿನಲ್ಲೂ ಅವರು ಮಾತನ್ನು ಆರಿಸಿ ಆಡಿದ್ದನ್ನು ನಾನು ಗಮನಿಸಿದೆ. ಹೊರಗೆ ಕಾರಿಡಾರಿನಲ್ಲಿ ಯುವಕ ನನ್ನ ಹತ್ತಿರ ಬಂದ. ಕಣ್ಣು ಕೆಂಪಾಗಿತ್ತು. "ನಾನು ಹೊಡೆದದ್ದು ತಪ್ಪೇ ಸಾರ್. ಆದರೆ ನೀವಾದರೂ ಇದ್ದದ್ದನ್ನು ಹೇಳಿದಿರಿ. ಇಲ್ಲದಿದ್ದರೆ ಸುಮ್ಮನೆ ಮುದುಕರ ಮೇಲೆ ಕೈ ಮಾಡಿದ ರೌಡಿ ಆಗಿಬಿಡ್ತಿದ್ದೆ."

ಅಲ್ಲೇ ಹೇಳಬೇಕಿತ್ತು. ಅವನ ಕೈಗಳು ನನ್ನ ಕಣ್ಣ ಮುಂದಿದ್ದವು. ನಾನು ತಲೆಯಾಡಿಸಿದೆ. ಹೌದೋ ಅಲ್ಲವೋ ತಿಳಿಯದ ಹಾಗೆ.

ಮನೆಗೆ ಹೋದಾಗ, ಹಿರಿಯರು ಹೇಳಿದ್ದು ತಪ್ಪಿರಲಿ ಎಂಬ ಸಣ್ಣ ಆಸೆ ಇನ್ನೂ ಇತ್ತು. ಮಗಳಿಗೆ ಏಳು ವರ್ಷ. ನಾವು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ತಮಿಳಿನಲ್ಲೇ.

"ಪುಟ್ಟಿ, ತಮಿಳಿನಲ್ಲಿ ಮುಟ್ಟೋದು ಅಂದ್ರೆ ಏನು?"

ಅವಳು ಎರಡು ಬೆರಳನ್ನು ಹಣೆಗೆ ಕೊಂಬಿನಂತೆ ಇಟ್ಟುಕೊಂಡು ಓಡಿಬಂದು ತಲೆಯಿಂದ ನನ್ನ ಹೊಟ್ಟೆಗೆ ಗುದ್ದಿದಳು. "ಮಾಡು ಮುಟ್ಟುಂ, ಪ್ಪಾ," ಅಂದು ಬಿದ್ದು ಬಿದ್ದು ನಕ್ಕಳು. ಹಸುವಿಗೆ ಅವರು ಮಾಡು ಅನ್ನುತ್ತಾರೆ. ನನ್ನ ಹೆಂಡತಿಗೂ ನಗು ಬಂತು. ಆಮೇಲೆ ನನ್ನ ಮುಖ ನೋಡಿ ಮಗಳನ್ನು ತನ್ನ ಕಡೆಗೆ ಎಳೆದುಕೊಂಡಳು.

ಹಿರಿಯರಿಗೆ ಆರು ಹೊಲಿಗೆ ಬಿದ್ದವು. ಗಾಯ ಒಣಗಿತು, ಎಡಕಿವಿ ಮಾತ್ರ ಕೇಳಿಸದೆ ಹೋಯಿತು. ವಡಪಳನಿಯ ಅವರ ಮನೆಗೆ ಎರಡು ಸಲ ಹೋಗಿ ಬಂದೆ. ಎರಡು ಸಲವೂ ಕಾಫಿ ಕೊಟ್ಟರು, ಹಾಲ್ ವಿಷಯ ಎತ್ತಲಿಲ್ಲ. ಎರಡನೆಯ ಸಲ ಹೊರಡುವಾಗ, ಹಾಲ್‌ಗೆ ಯಾಕೆ ಹೋಗುತ್ತಿಲ್ಲವೆಂದು ನಾನೇ ಕೇಳಿದೆ.

"ಅಲ್ಲಿ ನನ್ನ ಬಗ್ಗೆ ಏನಂತಾರೆ ಅಂತ ಮಾರ್ಕರ್ ಹೇಳಿದ. ಸೋಲೋ ಹೊತ್ತಿಗೆ ತಳ್ಳಿದ ಮುದುಕ. ಸಾರೇ ನೋಡಿದ್ರಂತೆ. ನಾನು ಹೋಗಿ ಅಲ್ಲ ಅಂದ್ರೆ ಯಾರು ಕೇಳ್ತಾರೆ ಸ್ವಾಮಿ?"

ಯಾರೂ ಕಾಣದ ಫೌಲಿಗೆ ತಾವೇ ಕೈ ಎತ್ತಿದವರಿಗೆ ನನ್ನ ಒಂದು ಮಾತು ಈ ಹೆಸರು ತಂದಿತ್ತು. ಅದನ್ನು ತೆಗೆಯಬಲ್ಲವನೂ ನಾನೊಬ್ಬನೇ. ಹಾಗಿದ್ದೂ ಮೂರು ಭಾನುವಾರ ಹಾಸಿಗೆ ಅಂಗಡಿಯವರೆಗೆ ಹೋಗಿ, ಮೆಟ್ಟಿಲ ಕೆಳಗೆ ನಿಂತು, ಮೇಲೆ ಚೆಂಡುಗಳ ಸದ್ದು ಕೇಳಿ ತಿರುಗಿ ಬಂದೆ. ನಾಲ್ಕನೆಯ ಭಾನುವಾರ ಹತ್ತಿದೆ.

ಯುವಕ ಒಬ್ಬನೇ ಅಭ್ಯಾಸ ಮಾಡುತ್ತಿದ್ದ. ಮಾರ್ಕರ್ ಪೇಪರ್ ಮಡಿಸಿದ. ನಾನು ಟೇಬಲ್ಲಿನ ಈಚೆ ಬದಿಯಲ್ಲೇ ನಿಂತು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ತಮಿಳಿನಲ್ಲಿ ಹೇಳಿದೆ. ಅವರು ತೊಟ್ಟರು, ಮುಟ್ಟಲಿಲ್ಲ. ಅದೂ ನೀನು ಬಗ್ಗುವ ಮೊದಲು. ನಾನು ಆಡಿದ್ದು ಕನ್ನಡದ ಮಾತು. ತಪ್ಪು ನನ್ನದು.

ಅವನು ಚಾಕ್ ತೆಗೆದುಕೊಂಡು ಸ್ಟಿಕ್ಕಿನ ತುದಿಗೆ ಉಜ್ಜತೊಡಗಿದ. ಉಜ್ಜುತ್ತಲೇ ಇದ್ದ. ನೀಲಿ ಪುಡಿ ಅವನ ಬೂಟಿನ ಮೇಲೆ ಬೀಳುತ್ತಿತ್ತು. ನಾನು ದೀಪದ ಸ್ವಿಚ್ ಎಲ್ಲಿದೆಯೆಂದು ಕಣ್ಣಲ್ಲೇ ಹುಡುಕಿದೆ.

"ಅನ್ನಿಕ್ಕೇ ಸೊಲ್ಲಿರುಕ್ಕಲಾಮೇ ಸಾರ್," ಅಂದ ಕೊನೆಗೆ. ಅವತ್ತೇ ಹೇಳಬಹುದಿತ್ತಲ್ಲ.

ಅವನು ಸ್ಟಿಕ್ಕನ್ನು ಚೀಲಕ್ಕೆ ಹಾಕಿ, ಹಿರಿಯರ ಮನೆ ಯಾವ ಬೀದಿಯೆಂದು ಮಾರ್ಕರ್‌ನನ್ನು ಕೇಳಿಕೊಂಡು, ನನ್ನನ್ನು ನೋಡದೆ ಇಳಿದುಹೋದ.

ಅಲ್ಲಿ ಏನು ಮಾತಾಯಿತೋ ಇಬ್ಬರೂ ಹೇಳಿಲ್ಲ. ಮುಂದಿನ ತಿಂಗಳು ಹಿರಿಯರು ಬಂದರು. ಹಾಲ್‌ನವರು ಎದ್ದು ಜಾಗ ಕೊಟ್ಟರು. ಯುವಕನೊಂದಿಗೆ ಮತ್ತೆ ಆಡುತ್ತಾರೆ, ಈಗೀಗ ಸೋಲುವುದೂ ಉಂಟು. ಅವನು ಪೆರುಸು ಅನ್ನುವುದನ್ನು ಬಿಟ್ಟಿದ್ದಾನೆ, 'ಅಯ್ಯಾ' ಅನ್ನುತ್ತಾನೆ. ಅವರು ತಮಾಷೆ ಮಾಡುತ್ತಾರೆ, ಕೇಳಿಸುವ ಕಿವಿಯನ್ನು ಮುಂದೆ ಮಾಡಿ ನಗುತ್ತಾರೆ. ತೋಳು ಚೆಂಡಿಗೆ ಸೋಕಿದರೆ ಎಡಗೈ ಮೇಲೇಳುತ್ತದೆ, ಮೊದಲಿನ ಹಾಗೇ.

ಆದರೆ ಗೋಡೆಯ ಕಡೆ ಯಾರಾದರೂ ನಿಂತಿದ್ದರೆ ಅವರು ದಾಟುವುದಿಲ್ಲ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹೊಡೆತ ಮುಗಿಯುವವರೆಗೆ ಮೂಲೆಯಲ್ಲಿ ಕಾಯುತ್ತಾರೆ. ಕಳೆದ ವಾರ ಅಲ್ಲಿ ನಿಂತಿದ್ದವನು ನಾನು. ಬನ್ನಿ, ಹೋಗಿ ಅಂತ ಹೇಳಿ ಗೋಡೆಗೆ ಒತ್ತಿಕೊಂಡೆ, ಭುಜವನ್ನು ಅವರ ಕಡೆಗೇ ಮಾಡಿ. ಬೇಕೆಂದೇ ಮಾಡಿದೆ.

"ಆಡಿ ಸ್ವಾಮಿ, ಆಡಿ," ಅಂದರು. "ನನಗೇನು ಅವಸರ."

ನಾನು ಬಗ್ಗಿದೆ. ಹಿಂದೆ ಅವರ ಉಸಿರು ಕೇಳಿಸುತ್ತಿತ್ತು.