ಉಗುರಿನಷ್ಟು ಸಿಂಹ

ನನ್ನ ತಂಗಿಯ ಮಗಳಿಗೆ ಶಾಲೆಯ ಹೆಸರು ಬೇರೆ ಇದ್ದರೂ ಮನೆಯಲ್ಲಿ ಉಳಿದದ್ದು ಗೀಚಿ. ಗೋಡೆ, ಬಾಗಿಲು, ನಾನು ಒಗೆದು ಮಡಿಸಿಟ್ಟ ದಿಂಬಿನ ಚೀಲ, ಯಾವುದನ್ನೂ ಬಿಡದೆ ಗೀಚುತ್ತಿದ್ದವಳು. ಮುಂದೆ ಅದೇ ಅವಳ ಅನ್ನದ ದಾರಿಯಾಯಿತು. ಅಂಗಡಿಗಳಿಗೆ, ಕಂಪನಿಗಳಿಗೆ ಲೋಗೋ ಬರೆದುಕೊಡುತ್ತಾಳೆ. ತಂಗಿ ತೀರಿಕೊಂಡ ಮೇಲೆ ಮೂರನೇ ಮಹಡಿಯ ಎರಡು ಕೋಣೆಯಲ್ಲಿ ನಾವಿಬ್ಬರೇ. ಕಿಟಕಿಯ ಪಕ್ಕ ಅವಳ ಮೇಜು, ಬಾಗಿಲ ಪಕ್ಕ ನನ್ನ ಕುರ್ಚಿ.

ಆ ಕುರ್ಚಿಗೂ ಒಂದು ಕೆಲಸವಿತ್ತು. ಲೋಗೋ ಮುಗಿದ ದಿನ ಅವಳು ಅದನ್ನು ಕಿರುಬೆರಳ ಉಗುರಿನಷ್ಟು ಚಿಕ್ಕದು ಮಾಡಿ, ಮೇಜಿನ ಹತ್ತಿರದಿಂದಲೇ ಫೋನು ಎತ್ತಿ ಹಿಡಿಯುತ್ತಿದ್ದಳು.

“ದೊಡ್ಡಮ್ಮ, ಕನ್ನಡಕ ತೆಗಿ. ಏನು ಕಾಣ್ತಿದೆ? ಯೋಚನೆ ಮಾಡ್ದೆ ಹೇಳು.”

“ಹೂಜಿ.”

“ಅಯ್ಯೋ, ಅದು ಹಕ್ಕಿ!”

ಮತ್ತೆ ಮೊದಲಿನಿಂದ. ನನ್ನ ಪೊರೆ ಬಂದ ಕಣ್ಣಿಗೆ ಹಕ್ಕಿಯಾಗಿ ಕಾಣುವ ತನಕ ಅದು ಮನೆ ಬಿಟ್ಟು ಹೋಗುವಂತಿರಲಿಲ್ಲ. “ಜನ ಬಸ್ಸಲ್ಲಿ ನೇತಾಡ್ಕೊಂಡು ನೋಡೋದು ಇಷ್ಟನ್ನೇ ದೊಡ್ಡಮ್ಮ,” ಎನ್ನುತ್ತಿದ್ದಳು. ಡಾಕ್ಟರು ಪೊರೆ ತೆಗೆಸಿ ಎಂದಾಗ, “ಒಂದು ಕಣ್ಣು ಹಾಗೇ ಇರ್ಲಿ, ಕೆಲಸಕ್ಕೆ ಬೇಕು” ಎಂದವಳು ಅವಳು.

ಆರು ವರ್ಷದ ಹಿಂದೆ ಅವಳು ಲೋಗೋ ಬರೆಸಿಕೊಡುವ ಒಬ್ಬನ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಅವನ ಮಾತು. ನಾನು ಅವನಿಗೆ ಬೆಣ್ಣೆ ಎಂದೇ ಹೆಸರಿಟ್ಟಿದ್ದೆ. ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಫೋನಿನ ಆಟ ತಯಾರಿಸುತ್ತಿದ್ದ ಅಕ್ಕ ತಮ್ಮ ಇಬ್ಬರು, ತಮ್ಮ ಪುಟ್ಟ ಕಂಪನಿಗೆ ಲೋಗೋ ಬೇಕೆಂದು ಅಲ್ಲಿಗೆ ಬಂದರು. ಗೀಚಿ ಹನ್ನೊಂದು ದಿನ ಕೂತು, ಲಾಟೀನು ಹೊತ್ತ ಬಸವನಹುಳು ಬರೆದಳು. ಒಂಬತ್ತು ಸಲ ನನ್ನ ಕಣ್ಣಿಗೆ ಹಿಡಿದಳು.

ಆ ಆಟ ಊರೂರು ಮುಟ್ಟಿತು. ಬಸವನಹುಳು ಅಂಗಿ, ಚೀಲಗಳ ಮೇಲೆಲ್ಲ ಹತ್ತಿತು. ಅದನ್ನು ಬರೆದವರ ಹೆಸರು ಮಾತ್ರ ಬೆಣ್ಣೆಯದು. ಬಹುಮಾನ ತೆಗೆದುಕೊಳ್ಳುವಾಗ ವೇದಿಕೆಯ ಮೇಲೆ, “ಕನಸಲ್ಲಿ ಬಂತು” ಎಂದನಂತೆ. ಗೀಚಿ ಹೋಗಿ ಕೇಳಿದ್ದಕ್ಕೆ, “ಬಣ್ಣ ತುಂಬೋಕೆ ನಿನ್ನ ಕೂರಿಸಿದ್ದೆ, ಅಷ್ಟೇ” ಎಂದು ಕೆಲಸದಿಂದ ತೆಗೆದ. ಅವಳ ಹಾಳೆಗಳೆಲ್ಲ ಅವನ ಬೀರುವಿನಲ್ಲೇ ಉಳಿದವು. ಮುಂದೆ ಕೆಲಸ ಕೇಳಲು ಹೋದ ಎರಡು ಕಡೆ, ಬಸವನಹುಳು ನನ್ನದು ಎಂದು ಹೇಳಿ ಕಳ್ಳಿ ಅನ್ನಿಸಿಕೊಂಡು ಬಂದಳು.

ಕಳ್ಳಿ. ಆ ಮಾತನ್ನು ನಾನು ಗಂಟು ಕಟ್ಟಿ ಇಟ್ಟುಕೊಂಡೆ.

ಹೋದ ವರ್ಷ ಅದೇ ಬೆಣ್ಣೆ ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತ ನಮ್ಮ ಬಾಗಿಲಿಗೆ ಬಂದ. ತಾನೇ ಒಂದು ಆಟದ ಕಂಪನಿ ತೆರೆಯುತ್ತಿದ್ದಾನಂತೆ. ಲೋಗೋ ಬೇಕಂತೆ.

“ನೀವೇ ಬರೀಬಹುದಲ್ಲ ಸರ್? ನಿಮಗೆ ಕನಸು ಬೀಳುತ್ತಲ್ಲ,” ಎಂದಳು ಗೀಚಿ.

“ಹಳೇದನ್ನ ಎಷ್ಟು ದಿನ ಕೆದಕ್ತೀಯಮ್ಮ? ನಂಗೆ ಪುರಸೊತ್ತಿಲ್ಲ. ಒಂದು ಸಿಂಹ, ತಲೆ ಮೇಲೆ ಕಿರೀಟ. ಭರ್ಜರಿಯಾಗಿರಬೇಕು. ಹೆಸರು ನಂದೇ ಇರುತ್ತೆ, ಅದು ನಿಂಗೂ ಗೊತ್ತು.”

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಆಗಲಿ ಎಂದುಬಿಟ್ಟಳು. ಹೊರಡುತ್ತ ಅವನು, “ದೊಡ್ಡಮ್ಮನವರು ಇನ್ನೂ ಗಟ್ಟಿಯಾಗಿದ್ದಾರೆ!” ಎಂದ.

“ನೋಡೋದು ಒಂದು ಬಾಕಿ ಇದೆಯಪ್ಪ, ಅದಕ್ಕೇ,” ಎಂದೆ.

ಅವನ ಹೆಜ್ಜೆ ಸದ್ದು ಕೆಳಗಿಳಿದ ಮೇಲೆ ಗೀಚಿಯನ್ನು ತರಾಟೆಗೆ ತೆಗೆದುಕೊಂಡೆ. “ನಾಚಿಕೆ ಆಗಲ್ವೇನೇ? ಒದ್ದ ಕಾಲನ್ನೇ ಒತ್ತೋಕೆ ಹೊರಟಿದ್ದೀಯ!”

“ಸುಮ್ನಿರು ದೊಡ್ಡಮ್ಮ. ಕನ್ನಡಕ ತೆಗಿಯೋಕೆ ಮಾತ್ರ ತಯಾರಿರು.”

ಎರಡು ದಿನದ ಮೇಲೆ ಫೋನು ಎತ್ತಿ ಹಿಡಿದಳು. ಸಿಂಹ ಎಂದೆ. ಮುಖ ಗಂಟು ಹಾಕಿಕೊಂಡು ಅಳಿಸಿದಳು. ಇನ್ನೊಮ್ಮೆ ನಾಯಿ ಎಂದೆ. ಅದೂ ಬೇಡವಾಯಿತು. ಸಿಂಹವನ್ನು ಸಿಂಹ ಎಂದರೆ ಸಿಟ್ಟು ಬರುವುದು ಯಾವ ನ್ಯಾಯ ಎಂದು ನನಗೆ ಅರ್ಥವಾಗಲಿಲ್ಲ. ಹದಿನೇಳನೇ ದಿನ ಬಾಯಿ ತಪ್ಪಿ, “ಕತ್ತೆ” ಎಂದುಬಿಟ್ಟೆ.

“ಕತ್ತೆ ಥರನಾ, ಕತ್ತೆಯೇನಾ?”

“ಕತ್ತೆಯೇ. ಅರಚೋದೊಂದು ಬಾಕಿ.”

ವರ್ಷಗಳಿಂದ ಕೇಳದ ನಗು ಅವಳ ಬಾಯಿಂದ ಬಂತು. ಕನ್ನಡಕ ಹಾಕಿ ಹತ್ತಿರ ಹೋಗಿ ಕಂಪ್ಯೂಟರಿನಲ್ಲಿ ನೋಡಿದರೆ, ಮೈ ಜುಮ್ಮೆನ್ನುವಂಥ ಸಿಂಹ. ಆದರೆ ಚಿಕ್ಕದಾದ ಕೂಡಲೇ ಜೂಲಿನ ನೂರಾರು ಎಳೆ ಕರಗಿಹೋಗಿ, ಕಿರೀಟದ ಎರಡು ತುದಿ ಕಿವಿಗಳಾಗಿ, ಉದ್ದ ಮೂತಿಯೊಂದು ಉಳಿಯುತ್ತಿತ್ತು.

“ಅವನು ಚಿಕ್ಕದು ಮಾಡಿ ನೋಡಿದ್ರೆ?”

“ನಾನಿದ್ದಷ್ಟು ದಿನ ಒಂದು ಸಲನೂ ನೋಡಿಲ್ಲ. ಗೋಡೆ ತುಂಬ ಹಾಕಿ, ಸೊಂಟದ ಮೇಲೆ ಕೈ ಇಟ್ಕೊಂಡು ನಿಂತ್ಕೋತಾನೆ. ಅವನಿಗೆ ದೊಡ್ಡದಿದ್ರೇ ಚೆಂದ.”

ಹಾಗೆಯೇ ಆಯಿತು, ದೊಡ್ಡದನ್ನಷ್ಟೇ ನೋಡಿ ಒಪ್ಪಿಕೊಂಡ. ಆಟ ಹೊರಬರುವ ದಿನ ದೊಡ್ಡ ಸಭಾಂಗಣ, ಹೋಗಬೇಕೆಂದವರಿಗೆಲ್ಲ ಬಾಗಿಲು ತೆರೆದಿತ್ತು. ನಾವು ಕೊನೆಯ ಸಾಲಿನಲ್ಲಿ ಕೂತೆವು. ಬಸವನಹುಳುವಿನ ಅಕ್ಕ ತಮ್ಮ ಮುಂದಿನ ಸಾಲಿನಲ್ಲಿದ್ದರು. ಗೋಡೆಯಷ್ಟು ಪರದೆಯ ಮೇಲೆ ಸಿಂಹ ಬಂತು. ಚಪ್ಪಾಳೆಯೋ ಚಪ್ಪಾಳೆ. ಬರೆದವರು ಯಾರು ಎಂದು ನಿರೂಪಕಿ ಕೇಳಿದಳು.

“ಒಂದೊಂದು ಗೆರೆನೂ ನನ್ನ ಕೈದೇ. ಬೇರೆ ಯಾರ ಬೆರಳೂ ಸೋಕಿಲ್ಲ,” ಎಂದ ಬೆಣ್ಣೆ. ಆಮೇಲೆ ಗುಂಡಿ ಒತ್ತಿ, “ಈಗ ನಿಮ್ಮ ನಿಮ್ಮ ಫೋನಿಗೆ ಇಳಿಸ್ಕೊಳ್ಳಿ!” ಎಂದ.

ಮುನ್ನೂರು ತಲೆ ಫೋನಿನ ಮೇಲೆ ಬಗ್ಗಿದವು.

“ಲೋ, ಇದ್ಯಾಕೋ ಕತ್ತೆ ಇದೆ?”

ಎಲ್ಲಿಂದಲೋ ಒಂದು ನಗು, ಅದರ ಹಿಂದೆ ನೂರು. ಯಾರೋ ಅರಚಿಯೂ ತೋರಿಸಿದರು. ಬೆಣ್ಣೆ ತನ್ನ ಫೋನು ತೆಗೆದು ನೋಡಿದ. ಬಿಸಿಲಿಗಿಟ್ಟ ಬೆಣ್ಣೆಯೇ ಆದ. ನಗದೆ ಇದ್ದವಳು ಆ ಅಕ್ಕ ಒಬ್ಬಳೇ. ಎದ್ದು ನಿಂತು ಕೇಳಿದಳು:

“ಸರ್, ನಮ್ಮ ಬಸವನಹುಳು ಎಷ್ಟು ಚಿಕ್ಕದಾದ್ರೂ ಅದರ ಕೊಂಬು ಕಾಣುತ್ತೆ. ಅದನ್ನ ಬರೆದ ಕೈ ಇದನ್ನ ಹೇಗೆ ಬರೀತು?”

ಅವನ ಕಣ್ಣು ಸಭೆಯೆಲ್ಲ ತಡಕಾಡಿ ನಮ್ಮ ಮೇಲೆ ಬಿತ್ತು. ಬೆರಳು ತೋರಿಸಿ ಕೂಗಿದ: “ಇದು ನಾನು ಬರೆದದ್ದಲ್ಲ! ಅವಳು! ಅಲ್ಲಿ ಕೂತಿದ್ದಾಳಲ್ಲ! ಮೊದಲಿಂದ ಎಲ್ಲಾ ಬರೆಯೋಳು ಅವಳೇ!”

“ಎಲ್ಲಾ ಅಂದ್ರೆ?” ಎಂದಳು ಅಕ್ಕ.

ನಗು ನಿಂತಿತು. ಗೀಚಿ ಎದ್ದಳು.

“ಬಸವನಹುಳುನೂ ಸೇರಿಸಿ, ಮೇಡಂ.”

ಈಗ ಆ ಆಟ ತೆರೆದರೆ ಬಸವನಹುಳುವಿನ ಕೆಳಗೆ ಅವಳ ಹೆಸರಿದೆ, ಶಾಲೆಯ ಹೆಸರು. ಕಳ್ಳಿ ಎಂದ ಎರಡೂ ಕಡೆಗೆ ಅದರ ಚಿತ್ರವನ್ನು ಅವಳ ಕೈಯಿಂದಲೇ ಕಳಿಸಿದೆ. ಬೆಣ್ಣೆಯ ಕಂಪನಿಗೆ ಕತ್ತೆ ಕಂಪನಿ ಎಂದೇ ಹೆಸರು ಬಿದ್ದಿದೆ. ಪಾಪ ಅನ್ನಿಸಲಿಲ್ಲವೇ ಎಂದು ಕೆಳಮನೆಯ ದರ್ಜಿ ಕೇಳಿದ. ಇಲ್ಲ ಎಂದೆ. ಅನ್ನಿಸಿದ್ದರೆ ತಾನೆ ಹೇಳುವುದು?

ಮೊನ್ನೆ ಬೆಣ್ಣೆ ಫೋನು ಮಾಡಿದ್ದ. ಆ ಸಿಂಹವನ್ನು ಒಂದಿಷ್ಟು ಸರಿಮಾಡಿಕೊಡಬೇಕಂತೆ. ಅರ್ಧ ದಿನದ ಕೆಲಸ, ಅವಳಿಗೆ ಗೊತ್ತು.

“ಮಲ್ಕೊಳ್ಳಿ ಸರ್,” ಎಂದಳು ಗೀಚಿ. “ಕನಸಲ್ಲಿ ಬರುತ್ತೆ.”