ಇಂದೂಬಾಯಿ ಟೀಚರ್ ಮತ್ತು ನಾನು ಸುಲಿದ ಬೇವು

ಮನುಷ್ಯರ ಜೊತೆ ಮಾತಾಡುವಾಗ ಇಂದೂಬಾಯಿ ಟೀಚರ್ ಹುಬ್ಬು ಗಂಟಿಕ್ಕುತ್ತಿದ್ದರು. ಆ ಗಂಟು ಸಡಿಲಾಗುತ್ತಿದ್ದುದು ಗಿಡಗಳ ಎದುರು ಮಾತ್ರ. ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ನನ್ನನ್ನು ಕಂಡರೆ ಅವರಿಗೂ ಅಷ್ಟೇ.

ಕಮಲಾಪುರದ ಹೈಸ್ಕೂಲಿನಲ್ಲಿ ಅವರು ವಿಜ್ಞಾನ ಕಲಿಸುತ್ತಿದ್ದರು. ಗಿಡಕ್ಕೆ ಊಟ ಎಲ್ಲಿಂದ ಬರುತ್ತದೆ ಎಂದು ಕೇಳಿದಾಗ ನಾನು ಮಣ್ಣಿನಿಂದ ಎಂದೆ.

"ಬೇರು ನೀರು, ಉಪ್ಪು ಮ್ಯಾಲ ಕಳಸ್ತದ, ಕಟ್ಟಿಗಿ ಒಳಗಿಂದ. ಅನ್ನ ಮಾಡೋದು ಎಲಿ. ಅದು ಕೆಳಗ ಇಳಿಯೋದು ತೊಗಟಿ ಒಳಗಿಂದ. ನಿನ್ನ ತಲ್ಯಾಗ ಮಾತ್ರ ಏನೂ ಏರಂಗಿಲ್ಲ, ಏನೂ ಇಳಿಯಂಗಿಲ್ಲ."

ತರಗತಿ ಗೊಳ್ಳೆಂದು ನಕ್ಕಿತು. ಆ ನಗುವನ್ನು ನಾನು ಮರೆಯಲಿಲ್ಲ. ಪಾಠವನ್ನೂ.

ಮುಂದೆ ಕಲಬುರಗಿಯ ಸೇಡಂ ರಸ್ತೆಯಲ್ಲಿ ಚಷ್ಮಾದ ಅಂಗಡಿ ಹಾಕಿದೆ. ನಿವೃತ್ತರಾದ ಟೀಚರ್ ಬಂದು ನೆಲೆಸಿದ್ದು ಎದುರು ಮನೆಯಲ್ಲೇ! ಅಂಗಡಿ ಮುಂದಿನ ಬೇವಿನ ಗಿಡ ನನ್ನ ಬೋರ್ಡನ್ನು ಮುಚ್ಚುತ್ತಿತ್ತು. ಕಡಿಸಲು ಹೋದಾಗೆಲ್ಲ ಅವರು ಅಡ್ಡ ನಿಂತರು.

ಒಂದು ನಸುಕಿನಲ್ಲಿ ಕುಡುಗೋಲು ಹಿಡಿದು, ಬೊಡ್ಡೆಯ ಸುತ್ತ ಮೂರು ಬೆರಳಗಲ ತೊಗಟೆ ಸುಲಿದೆ. ಮೇಲೆ ಅಂಗಡಿಯ ಬ್ಯಾನರ್ ಸುತ್ತಿದೆ. ನೀರು ಏರುತ್ತಲೇ ಇರುತ್ತದೆ, ಎಲೆ ಹಸಿರಾಗೇ ಇರುತ್ತದೆ. ಬೇರು ಮಾತ್ರ ಹಸಿದು ಸಾಯುತ್ತದೆ. ಯಾರಿಗೂ ಸಂಶಯ ಬರುವುದಿಲ್ಲ.

ವಾರ ಕಳೆಯುವುದರೊಳಗೆ ಟೀಚರ್ ಬ್ಯಾನರ್ ಕಿತ್ತೆಸೆದು ಅಂಗಡಿ ಬಾಗಿಲಿಗೆ ಬಂದರು.

"ಮಲ್ಲ್ಯಾ, ನನ್ನ ಕ್ಲಾಸಿನ್ಯಾಗ ಒಂದ ಪಾಠ ಕಲ್ತಿ. ಅದನ್ನೂ ಕೊಲ್ಲಾಕ ಕಲ್ತಿ."

ಗಿರಾಕಿಗಳು ನನ್ನತ್ತ ತಿರುಗಿದರು.

ಅವರು ಅದೇ ಬೇವಿನಿಂದ ಏಳು ಎಳೆಯ ಟೊಂಗೆ ಕತ್ತರಿಸಿ, ಗಾಯದ ಕೆಳಗೊಂದು ತುದಿ, ಮೇಲೊಂದು ತುದಿ ತೊಗಟೆಯೊಳಗೆ ಸೇರಿಸಿ, ಎಲೆಯ ಅನ್ನ ಬೇರಿಗೆ ಇಳಿಯಲು ಸೇತುವೆ ಕಟ್ಟಿದರು. ಜೇನುಮೇಣ ಮೆತ್ತಿದರು. ಹಿಡಿಯಲು ನನ್ನನ್ನೇ ನಿಲ್ಲಿಸಿದರು. ಒಂದು ಟೊಂಗೆಯನ್ನು ತಲೆಕೆಳಗಾಗಿ ಹಿಡಿದಾಗ ಕೈಗೆ ಫಟ್ಟನೆ ಹೊಡೆದರು.

"ಕ್ಷಮಾ ಮಾಡ್ರಿ, ಟೀಚರ್."

"ಮಾಡಂಗಿಲ್ಲ. ನೆಟ್ಟಗ ಹಿಡಿ."

ಏಳರಲ್ಲಿ ಮೂರು ಟೊಂಗೆ ಗಿಡಕ್ಕೆ ಕೂಡಿಕೊಂಡವು. ಗಿಡ ಒಂದು ಕಡೆ ಒಣಗಿ, ಇನ್ನೊಂದು ಕಡೆ ಉಳಿಯಿತು. ಆಮೇಲೆ ಎರಡು ವರ್ಷ ಅವರು ನನ್ನ ಮುಖ ನೋಡಲಿಲ್ಲ. ದಿನಾ ಬೆಳಿಗ್ಗೆ ಕೊಡ ಹೊತ್ತು ಬಂದು, ನೀರು ಸುರಿದು, ನನ್ನ ಮೆಟ್ಟಿಲಿನತ್ತ ಕಣ್ಣೂ ಹಾಯಿಸದೆ ಹೋಗುತ್ತಿದ್ದರು.

ಈ ಬೇಸಿಗೆಯಲ್ಲಿ ಅವರು ಆಸ್ಪತ್ರೆ ಸೇರಿದರೆಂದು ತಿಳಿದು, ಕಮಲಾಪುರದ ಕೆಂಪು ಬಾಳೆಹಣ್ಣು ಹಿಡಿದು ಹೋದೆ. ಅವರು ಹಣ್ಣನ್ನು ಮುಟ್ಟಲಿಲ್ಲ.

"ಇವತ್ತ ಗಿಡಕ್ಕ ನೀರು ಹಾಕೀಯೇನು?"

"ಇಲ್ರೀ."

"ಮತ್ತ ಇಲ್ಲ್ಯಾಕ ನಿಂತಿ?"

ಗೋಡೆಯ ಕಡೆ ಹೊರಳಿದರು. ನಾನು ಓಡಿದೆ. ಮರುದಿನ ಮುಂಜಾನೆ ಬೇವಿಗೆ ಎರಡನೆಯ ಕೊಡ ಸುರಿಯುತ್ತಿದ್ದಾಗ ಎದುರು ಮನೆ ಮುಂದೆ ಆಂಬುಲೆನ್ಸ್ ನಿಂತಿತು. ಸೈರನ್ ಇರಲಿಲ್ಲ.