ಬಿಟ್ಟುಕೊಡಲಾಗದು

ನಿಮ್ಮ ವರ್ಗಾವಣೆ ತಡೆದವನು ನಾನೇ. ಮೂರು ವರ್ಷ, ಮೂರು ಅರ್ಜಿ, ಮೂರು ಸಲವೂ ನಾನೇ. ನೀವು ಮೇಲಿನ ಕಚೇರಿಯ ಯಾವುದೋ ಕಾಣದ ಅಧಿಕಾರಿಯನ್ನು ಬೈದುಕೊಳ್ಳುತ್ತಿದ್ದಿರಿ. ನಾನು ಎದುರಿಗೆ ಕೂತು ಹೂಂಗುಟ್ಟುತ್ತಿದ್ದೆ.

ಇಷ್ಟು ಬರೆದರೆ ಹಗುರಾಗುತ್ತೇನೆ ಅಂದುಕೊಂಡಿದ್ದೆ. ಆಗಲಿಲ್ಲ. ಮುಂದುವರಿಸುತ್ತೇನೆ.

ವಿಶಾಲಾಕ್ಷಿಯವರೇ, ತೊಂಬತ್ತರ ದಶಕದ ಕೊನೆಗೆ ನಾನು ಕೊಟ್ಟೂರಿನ ಶಾಖೆಗೆ ಮ್ಯಾನೇಜರಾಗಿ ಬಂದ ದಿನ ನೀವು ಕೌಂಟರಿನಲ್ಲಿದ್ದಿರಿ — ನೀಲಿ ಸೀರೆ ಅನ್ನುತ್ತದೆ ನನ್ನ ನೆನಪು. ನಂಬಬೇಡಿ. ಅದು ಎಲ್ಲದಕ್ಕೂ ಬಣ್ಣ ಬಳಿಯುತ್ತದೆ, ನನಗಂತೂ ಎರಡೆರಡು ಸಲ. ಖಾತ್ರಿಯಿರುವುದು ಇಷ್ಟೇ: ನೀವು ದಿನಾ ಹಡಗಲಿಯಿಂದ ಹೊರಟು, ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ, ಹತ್ತರೊಳಗೆ ಶಾಖೆಯಲ್ಲಿರುತ್ತಿದ್ದಿರಿ. ಮನೆಯಲ್ಲಿ ತಡವಾಗಿ ಹುಟ್ಟಿದ ಮಗಳು, ನಾಲ್ಕು ವರ್ಷದವಳು. ಹಡಗಲಿಯಲ್ಲೂ ನಮ್ಮ ಬ್ಯಾಂಕಿನ ಶಾಖೆಯಿತ್ತು, ನಿಮ್ಮ ಮನೆಯಿಂದ ನಡೆದೇ ಹೋಗಬಹುದಿತ್ತು.

ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಹಳಬರು ಕೀಲಿಮಣೆ ಕಂಡರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದರು. ನೀವು ಒಂದು ವಾರದಲ್ಲಿ ಕಲಿತಿರಿ, ಆಮೇಲೆ ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದಿರಿ. ನನಗೂ ಕಲಿಸಿದಿರಿ — ನಾನು ಕಲಿಯಲಿಲ್ಲ ಅನ್ನುವುದು ಬೇರೆ ಮಾತು. ಪರದೆ ಸ್ತಬ್ಧವಾಯಿತೆಂದರೆ ಕ್ಯಾಬಿನ್ನಿನಿಂದ ನಿಮ್ಮ ಹೆಸರನ್ನೇ ಕೂಗುತ್ತಿದ್ದೆ.

ಅದೇ ಹೊತ್ತಿಗೆ ಒಂದು ಸುತ್ತೋಲೆ ಬಂತು: ಸಿಬ್ಬಂದಿಯ ಹುಮ್ಮಸ್ಸು ಉಳಿಸಿಕೊಳ್ಳುವುದು ಹೇಗೆ. ಬೆಳಿಗ್ಗೆ ಐದು ನಿಮಿಷ ಎಲ್ಲರೂ ಸೇರಿ ಮಾತಾಡಬೇಕು, ಹುಟ್ಟುಹಬ್ಬಕ್ಕೆ ಸಿಹಿ ಹಂಚಬೇಕು, ತಿಂಗಳ ಉತ್ತಮ ನೌಕರರ ಫೋಟೋ ಗೋಡೆಗೆ ಹಾಕಬೇಕು. ಯಾರಿಗೆ ಏನು ಬೇಕು ಅಂತ ಕೇಳಬೇಕೆಂದು ಮಾತ್ರ ಅದರಲ್ಲೆಲ್ಲೂ ಇರಲಿಲ್ಲ. ನಾನು ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದೆ. ನಿಮ್ಮ ಫೋಟೋ ಮೊದಲ ತಿಂಗಳು ಏರಿತು, ಎರಡನೆಯ ತಿಂಗಳು ಇಳಿಯಲಿಲ್ಲ, ಮೂರನೆಯ ತಿಂಗಳೂ ಅಲ್ಲೇ ಇತ್ತು. ಅಟೆಂಡರ್ ಕೊಟ್ರೇಶಿ ಸ್ಟೂಲು ಹತ್ತಿ ಅದರ ಧೂಳು ಒರೆಸುತ್ತ ಅಂದ:

“ಇಳಿಸೋದ ಇಲ್ಲಂದ್ರ ಒಂದು ಹಾರ ಹಾಕಿಬಿಡ್ರಿ ಸಾಹೇಬ್ರ. ಅಷ್ಟ ಬಾಕಿ ಐತಿ.”

“ಸುಮ್ನಿರೋ ಕೊಟ್ರೇಶಿ,” ಅಂದಿರಿ ನೀವು. “ಫೋಟೋದಾಗರ ಕುಂತೀನಿ. ಬಸ್ಸಿನ್ಯಾಗ ನಿಂತು ನಿಂತು ಕಾಲು ಸೋತಾವು.”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ವರ್ಷ ವರ್ಗಾವಣೆಯ ಅರ್ಜಿ ತಂದು ನನ್ನ ಮೇಜಿನ ಮೇಲಿಟ್ಟಿರಿ.

“ಸರ್, ನನ್ನ ಮಗಳು ನನಗ ಅವ್ವ ಅನ್ನೋದು ಬಿಟ್ಟಾಳ್ರಿ. ನಮ್ಮತ್ತೀಗೇ ಅವ್ವ ಅಂತಾಳ. ನಾ ಒಳಗ ಕಾಲಿಟ್ರ, ‘ಬ್ಯಾಂಕಿನಾಕಿ ಬಂದ್ಲು’ ಅಂತ ಓಡಿಹೋಗ್ತಾಳ.”

ನಗುತ್ತ ಹೇಳಿದಿರಿ. ನಗುತ್ತಲೇ ಹೇಳಿದಿರಾ? — ಗೊತ್ತಿಲ್ಲ. ನೀವು ನಕ್ಕಿದ್ದರೆ ನನಗೆ ಅನುಕೂಲ, ಅದಕ್ಕೇ ನೆನಪು ನಿಮ್ಮನ್ನು ನಗಿಸುತ್ತಿರಬೇಕು.

“ಶಿಫಾರಸು ಮಾಡ್ತೀನಿ ಮೇಡಂ. ಈ ಸಲ ಆಗೇ ಆಗ್ತೈತಿ,” ಅಂದೆ.

ಅರ್ಜಿಯ ಅಡಿಯಲ್ಲಿ ಮ್ಯಾನೇಜರರ ಅಭಿಪ್ರಾಯಕ್ಕೆ ಎರಡು ಗೆರೆ ಜಾಗ. ನೀವು ಹೊರಗೆ ಹೋದಿರಿ. ನಾನು ಬರೆದೆ: ‘ಇವರ ಸೇವೆ ಶಾಖೆಗೆ ಅನಿವಾರ್ಯ. ಬಿಟ್ಟುಕೊಡಲಾಗದು.’

ಇಡೀ ನೌಕರಿಯಲ್ಲಿ ಯಾರ ಬಗ್ಗೆಯೂ ಅಷ್ಟು ಮನಸಾರೆ ಬರೆದವನಲ್ಲ ನಾನು. ಅದೇ ವರ್ಷ, ಮಧ್ಯಾಹ್ನದ ಊಟಕ್ಕೆ ಹೋದರೆ ಮೂರರ ತನಕ ಕಾಣಿಸದ ಒಬ್ಬ ಗುಮಾಸ್ತ ಹರಪನಹಳ್ಳಿಗೆ ವರ್ಗ ಕೇಳಿದ್ದ. ಅವನದಕ್ಕೆ ‘ಅಡ್ಡಿಯಿಲ್ಲ’ ಅಂತ ಒಂದೇ ಪದ ಬರೆದೆ. ಎರಡು ತಿಂಗಳಲ್ಲಿ ಅವನು ತನ್ನೂರಿನಲ್ಲಿದ್ದ. ನೀವು ಸ್ವಲ್ಪ ಮೈಗಳ್ಳತನ ಮಾಡಿದ್ದರೆ — ಒಂದೆರಡು ತಿಂಗಳು ತಡವಾಗಿ ಬಂದು, ಒಂದೆರಡು ಸಲ ನನ್ನೊಡನೆ ಜಗಳವಾಡಿದ್ದರೆ — ನಾನೇ ನಿಮ್ಮನ್ನು ಹಡಗಲಿಯ ಬಸ್ಸು ಹತ್ತಿಸುತ್ತಿದ್ದೆ. ನೀವು ಮಾಡಿದ್ದು ತಿರುಗುಮುರುಗು. ಇನ್ನೂ ಚೆನ್ನಾಗಿ ದುಡಿದರೆ ಮೇಲಿನವರ ಕಣ್ಣಿಗೆ ಬೀಳುತ್ತೇನೆ ಅಂದುಕೊಂಡಿರಿ. ನೀವು ದುಡಿದಷ್ಟೂ ನನ್ನ ಆ ಎರಡು ಗೆರೆ ಗಟ್ಟಿಯಾಗುತ್ತ ಹೋದವು. ನಾನು ಅದನ್ನು ನೋಡುತ್ತ ಕೂತಿದ್ದೆ.

ಎರಡನೆಯ ವರ್ಷವೂ ಅದನ್ನೇ ಬರೆದೆ. ಮೂರನೆಯ ವರ್ಷ ಹಳೆಯ ಪ್ರತಿ ನೋಡಿ ನಕಲು ಮಾಡಿದೆ. “ಮ್ಯಾಲಿನವರು ಕೇಳಂಗಿಲ್ರಿ ಮೇಡಂ” ಅನ್ನುವುದು ಬಾಯಿಪಾಠವಾಗಿತ್ತು. ಆ ನಡುವೆ ತರಬೇತಿ ಕೇಂದ್ರದವರು ನನ್ನನ್ನು ಕರೆಸಿ, ಸಿಬ್ಬಂದಿಯನ್ನು ಉತ್ಸಾಹದಲ್ಲಿ ಇಡುವುದು ಹೇಗೆಂದು ಇತರ ಮ್ಯಾನೇಜರರ ಎದುರು ಮಾತಾಡಿಸಿದರು. ನಿಮ್ಮ ಉದಾಹರಣೆಯನ್ನೇ ಕೊಟ್ಟೆ. ಚಪ್ಪಾಳೆ ತಟ್ಟಿದರು.

ಆಮೇಲೆ ಸ್ವಯಂ ನಿವೃತ್ತಿಯ ಯೋಜನೆ ಬಂತು. ಕೆಲಸ ಮಾಡದವರು ಹೋಗುತ್ತಾರೆಂದು ನಾವೆಲ್ಲ ಕಾಯುತ್ತಿದ್ದೆವು. ನಮ್ಮ ಶಾಖೆಯಿಂದ ಮೊದಲು ಅರ್ಜಿ ಕೊಟ್ಟವರು ನೀವು. ಹದಿನೇಳು ವರ್ಷದ ನೌಕರಿ, ಮುಂದೆ ಆಫೀಸರ್ ಆಗುವ ಅರ್ಹತೆ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟು ಎದ್ದಿರಿ. ಬೀಳ್ಕೊಡುಗೆಯ ದಿನ ಎಲ್ಲರೆದುರು ಅಂದಿರಿ:

“ಸರ್ ನನ್ನ ಸಲುವಾಗಿ ಬಾಳ ಓಡಾಡಿದ್ರು. ನನ್ನ ನಸೀಬದಾಗ ಇರಲಿಲ್ಲ, ಅಷ್ಟ.”

ನಾನು ಎದ್ದು ಏನೋ ಮಾತಾಡಿದೆ. ಏನೆಂದು ಎಷ್ಟು ತಿಣುಕಿದರೂ ಬರುತ್ತಿಲ್ಲ. ನಿಮ್ಮ ಸೀರೆಯ ಬಣ್ಣ ಕಟ್ಟಿಕೊಡುವ ನೆನಪು ಇಲ್ಲಿ ಒಂದು ಪದವನ್ನೂ ಉಳಿಸಿಲ್ಲ.

ಶಾಖೆ ನಡೆಯಬೇಕಿತ್ತು, ಬೇರೆ ಜನ ಇರಲಿಲ್ಲ — ಬಹಳ ವರ್ಷ ನನಗೆ ನಾನೇ ಇದನ್ನು ಹೇಳಿಕೊಂಡೆ. ಹೋದ ತಿಂಗಳು ಹಗರಿಬೊಮ್ಮನಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ನೀವು ನನ್ನ ಗುರುತು ಹಿಡಿದು ನಿಲ್ಲಿಸುವ ತನಕ. ಪಕ್ಕದಲ್ಲಿ ಕಾಲೇಜಿನ ಚೀಲ ಹೊತ್ತ ನಿಮ್ಮ ಮಗಳು. ಅವಳೇ ಕೇಳಿದಳು:

“ಸರ್, ಅವ್ವ ಅಷ್ಟು ಛಲೋ ಕೆಲಸ ಮಾಡ್ತಿದ್ಲಂತಲ್ರಿ. ಮತ್ತ್ಯಾಕ ಊರಿಗೆ ಹಾಕ್ಲಿಲ್ಲ?”

“ಸಾಹೇಬ್ರು ಬರ್ದಿದ್ರವ್ವ. ಮ್ಯಾಲಿನವರು ಕೊಡಲಿಲ್ಲ,” ಅಂದಿರಿ ನೀವು. “ಹೌದಲ್ರಿ ಸರ್?”

ನಾನು ನಿವೃತ್ತನಾಗಿ ಎರಡು ವರ್ಷ. ನಡೆಸಬೇಕಾದ ಶಾಖೆಯಿಲ್ಲ, ನಿಜ ಹೇಳಿದರೆ ಕಳೆದುಕೊಳ್ಳುವಂಥದ್ದೂ ಏನಿಲ್ಲ. ಆದರೂ — ಹೌದು ಅಂತ ತಲೆಯಾಡಿಸಿದೆ.

ಈ ಕಾಗದವನ್ನು ನಿಮ್ಮ ಮಗಳ ಹೆಸರಿಗೆ ಕಳಿಸುತ್ತಿದ್ದೇನೆ. ಕೇಳಿದವಳು ಅವಳು.